ಬಬಲೇಶ್ವರದ ಭಜನೆಗೆ ಬಂದ ರಷ್ಯದ ಅತಿಥಿ

ರವಿವಾರ ಬೆಳಿಗ್ಗೆ ನನ್ನ ಪ್ರಯಾಣ ಶುರುವಾದದ್ದು ಗಾಂಧಿ ಚೌಕದ ಒಂದು ಅಂಗಡಿಯಿಂದ. ಫೋನಿಗೆ ಜೋಡಿಸಿದರೆ ಒಂದು ಪಡಸಾಲೆಯ ಜನಕ್ಕೆ ಕೇಳುವಂಥ ಸಣ್ಣ ಸ್ಪೀಕರ್ ಬೇಕಿತ್ತು. ಅಂಗಡಿಯವನು "ಇದನ್ನ ಹಚ್ಚಿದ್ರ ಓಣಿಗೆ ಓಣಿನೇ ಎದ್ದು ಕುಣಿತೈತ್ರಿ ಮೇಡಂ" ಎಂದು ಹಚ್ಚಿಯೇ ತೋರಿಸಿದ. ಹೂವಿನವಳು ಬೈದಳು, ಎರಡು ಆಟೋದವರು ನಕ್ಕರು. ಸ್ಕೂಟರ್ ಮೇಲೆ ಕಾಯುತ್ತಿದ್ದ ನಮ್ಮವರು ಎರಡೂ ಕಿವಿ ಮುಚ್ಚಿಕೊಂಡರು.

"ರಷ್ಯಾಕ್ಕ ಕೇಳಬೇಕಂದ್ರ ಇದೆಲ್ಲಾ ಯಾಕ? ನೀ ದವಾಖಾನ್ಯಾಗ ಒದರೂ ಹಂಗ ಒಂದ್ಸಲ ಒದರು, ಕೇಳತೈತಿ" ಎಂದರು ನಮ್ಮವರು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮನುಷ್ಯನ ಬಾಯಿಗೆ ನನ್ನಲ್ಲಿ ಔಷಧಿ ಇಲ್ಲ. ಬಸ್ ನಿಲ್ದಾಣಕ್ಕೆ ತಂದು ಬಿಟ್ಟರು, ಅಷ್ಟು ಉಪಕಾರವನ್ನು ಒಪ್ಪಿಕೊಳ್ಳುತ್ತೇನೆ.

ನಾನು ವಿಜಯಪುರದಲ್ಲಿ ಮಕ್ಕಳ ಡಾಕ್ಟರು. ಮೂವತ್ತು ವರ್ಷಗಳ ಹಿಂದೆ ರಷ್ಯದಲ್ಲಿ ವೈದ್ಯಕೀಯ ಓದಿದೆ. ಮೊದಲ ವರ್ಷ ನಮಗೆ ಬರೀ ಭಾಷೆ ಕಲಿಸುತ್ತಿದ್ದರು. ಕಲಿಸಿದವರು ಲಿದಿಯಾ ಅಂತೋನೊವ್ನಾ ಎಂಬ ಟೀಚರು. ಅವರ ಪಾಠದಲ್ಲಿ ವ್ಯಾಕರಣ ಹಿಂದೆ, ಕವಿತೆ ಮುಂದೆ. ಒಂದು ಕವಿತೆಯನ್ನು ಓದಿಸುವರು, ಆಮೇಲೆ ಅದಕ್ಕೆ ಯಾರೋ ಕಟ್ಟಿದ ರಾಗವನ್ನು ಗಿಟಾರಿನಲ್ಲಿ ನುಡಿಸಿ ಹಾಡಿಸುವರು. ಅವರ ದೇಶದಲ್ಲಿ ಕವಿತೆ ಪುಸ್ತಕದಲ್ಲಿ ಸುಮ್ಮನೆ ಕೂಡುವುದಿಲ್ಲ. ಅಡುಗೆಮನೆಯ ಮೇಜಿನ ಸುತ್ತ ಕುಳಿತು, ಚಹಾ ಆರುವವರೆಗೆ ಅದನ್ನು ಹಾಡುವವರು ಅಲ್ಲಿ ಮನೆಮನೆಗೂ ಇದ್ದರು.

ಹಾಗೆ ಕಲಿತ ಕವಿತೆಗಳಲ್ಲಿ ಒಂದು ನನ್ನನ್ನು ಬಿಡಲೇ ಇಲ್ಲ. ನಾಲ್ಕೇ ನುಡಿ. ಇರುಳು ಹಿಮದಲ್ಲಿ ಯಾರೋ ಬಂದು ಕದ ಬಡಿಯುತ್ತಾರೆ. ಒಳಗಿದ್ದವಳು ಹೆಸರು ಕೇಳದೆ ತೆರೆಯುತ್ತಾಳೆ, ಒಲೆಗೆ ಕಟ್ಟಿಗೆ ಒಟ್ಟುತ್ತಾಳೆ. ಬಂದವರು ಉಂಡು, ಕಿಟಕಿಯಾಚೆ ಬಾಗಿದ ಮರವನ್ನು ನೋಡುತ್ತ ಕೂಡುತ್ತಾರೆ. ಬೆಳಗಾದರೆ ಹಾಸಿಗೆ ಖಾಲಿ, ಹೊಸ್ತಿಲಾಚೆ ಹೆಜ್ಜೆಗಳು, ಆ ಹೆಜ್ಜೆಗಳನ್ನೂ ಹಿಮ ತುಂಬುತ್ತದೆ. ಅಷ್ಟೇ. ಲಿದಿಯಾ ಅಂತೋನೊವ್ನಾ ಇದಕ್ಕಿದ್ದ ಎರಡು ರಾಗಗಳನ್ನೂ ಕೇಳಿಸುತ್ತಿದ್ದರು. ಒಂದು ನಿಧಾನದ್ದು, ಕೇಳಿದರೆ ಬಂದವನು ಯಮನೇ ಎನಿಸುತ್ತಿತ್ತು. ಇನ್ನೊಂದು ಹಗುರಾದದ್ದು, ಅದರಲ್ಲಿ ಬಂದವನು ಪ್ರಿಯಕರ. "ಅಕ್ಷರ ಒಂದೂ ಬದಲಾಗಿಲ್ಲ, ಅತಿಥಿ ಹೇಗೆ ಬದಲಾದ?" ಎಂದು ಅವರು ನಮ್ಮನ್ನು ಕೇಳುತ್ತಿದ್ದರು. ಕವಿತೆ ಎಂದರೆ ಏನು ಎಂಬುದು ನನಗೆ ಗೊತ್ತಾದದ್ದು ಆ ತರಗತಿಯಲ್ಲಿ.

ಈ ಚಳಿಗಾಲ ಅವರ ಮೊಮ್ಮಗಳು ಹೇಗೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದಳು. ಟೀಚರಿಗೆ ಎಂಬತ್ತು ದಾಟಿದೆ, ಕಣ್ಣು ಪೂರ್ತಿ ಹೋಗಿದೆ, ಓದುವುದು ನಿಂತಿದೆ. ನನ್ನ ದನಿ ಕೇಳಿದ ಕೂಡಲೇ ಅವರು ಕ್ಷೇಮಸಮಾಚಾರ ಬಿಟ್ಟು, "ಅತಿಥಿಯ ಕವಿತೆಯನ್ನು ನಿನ್ನ ಭಾಷೆಗೆ ತಂದೆಯಾ?" ಎಂದು ಕೇಳಿದರು. ತಂದಿದ್ದೇನೆ, ಓದಲೇ ಎಂದೆ. "ನೀನು ಬೇಡ. ನಿನ್ನೂರಿನವರು ಹಾಡಲಿ. ಬೇರೆಯವರ ಬಾಯಲ್ಲಿ ಕೂಡದ ಅನುವಾದ ಬರೀ ನಿಘಂಟು" ಎಂದರು. ಈ ರವಿವಾರ ಸಂಜೆ ಐದಕ್ಕೆ, ಅವರಿಗೆ ಮಧ್ಯಾಹ್ನದ ಊಟವಾದ ಹೊತ್ತಿಗೆ, ಹಾಡು ಕೇಳಿಸುವುದಾಗಿ ಮಾತು ಕೊಟ್ಟೆ. ಆ ವಯಸ್ಸಿನವರಿಗೆ 'ಮುಂದಿನ ಸಲ ನೋಡೋಣ' ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಮೊದಲು ನಗರದ ಒಂದು ಆರ್ಕೆಸ್ಟ್ರಾದವರಿಗೆ ಕೊಟ್ಟು ನೋಡಿದೆ. ಕೀಬೋರ್ಡು, ಡ್ರಮ್ಮು ಎಲ್ಲ ಸೇರಿಸಿ ಹಾಡಿದರು. ಲಗ್ನದ ಊಟದ ಪಂಕ್ತಿಯಲ್ಲಿ ಬುಂದೆ ಬಡಿಸುವಾಗ ಕೇಳುವ ಹಾಡಾಯಿತು. ಅದೇ ವಾರ ಬಬಲೇಶ್ವರದಲ್ಲಿ ಭಜನೆ ಮೇಳ ನಡೆಸುವ ಗಂಗವ್ವ ಮೊಮ್ಮಗನನ್ನು ಕರೆದುಕೊಂಡು ದವಾಖಾನೆಗೆ ಬಂದಳು. ಸೂಜಿ ಎಂದರೆ ಅಟ್ಟ ಹತ್ತುವ ಹುಡುಗ, ಆಕೆ ಕಿವಿಯಲ್ಲಿ ಒಂದು ತತ್ವಪದ ಗುನುಗಿದ್ದಕ್ಕೆ ಸುಮ್ಮನೆ ತೋಳು ಕೊಟ್ಟ. ನಾನು ಔಷಧಿ ಚೀಟಿಯ ಜೊತೆಗೆ ನನ್ನ ಕವಿತೆಯನ್ನೂ ಬರೆದುಕೊಟ್ಟು ಕಳಿಸಿದೆ. "ನೋಡೂನ್ರಿ, ಟಿಕೋಟಾ ಮಾಸ್ತರಗ ಮಟ್ಟು ಹಚ್ಚಾಕ ಹೇಳತೀನಿ" ಎಂದು ಆಕೆ ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಆದ್ದರಿಂದ ನನ್ನ ಮೊದಲ ನಿಲುಗಡೆ ಟಿಕೋಟಾ. ವಿಜಯಪುರದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಹೆಂಗಸರಿಗೆ ಬಸ್ಸು ಪುಕ್ಕಟೆ. ಫೆಬ್ರುವರಿ ಮುಗಿಯುತ್ತಿತ್ತು, ಹತ್ತು ಗಂಟೆಗೇ ಕಿಟಕಿಯ ಕಬ್ಬಿಣ ಕೈ ಸುಡುತ್ತಿತ್ತು. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಪಡ, ನಡುನಡುವೆ ಹಸಿರು ಬಲೆ ಇಳಿಬಿಟ್ಟ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಆರುತ್ತಿತ್ತು. ಆ ವಾಸನೆಗೆ ಇಡೀ ಬಸ್ಸು ಸಿಹಿಯಾಗಿತ್ತು. ಪಕ್ಕದಲ್ಲಿ ಕುಳಿತ ಕಳ್ಳಕವಟಗಿಯ ಹೆಂಗಸು ಚೀಲದಿಂದ ಒಂದು ಹಿಡಿ ತೆಗೆದು, ಹೇಳದೆ ಕೇಳದೆ ನನ್ನ ಉಡಿಯಲ್ಲಿ ಸುರಿದಳು.

ಶಿವಪ್ಪ ಮಾಸ್ತರು ಸಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಹಾರ್ಮೋನಿಯಂ ಪೆಟ್ಟಿಗೆಗೆ ಕೌದಿ ಹೊದಿಸಿ, ಕೂಸಿನ ಹಾಗೆ ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕಾಯುತ್ತಿದ್ದರು. ಅವರ ಮನೆಯವರು ಚುರುಮುರಿ ಸುಸಲಾ, ಚಹಾ ಕೊಟ್ಟರು.

"ಮಟ್ಟು ಕೂಡ್ತೇನ್ರಿ ಮಾಸ್ತರ?" ಎಂದು ಕೇಳಿದೆ.

"ಮಟ್ಟು ಕೂಡೇತ್ರಿ. ಆದ್ರ ಎರಡನೇ ನುಡಿಯಾಗ ಭೂರ್ಜ ಅಂತ ಬರದೀರಲ್ಲ, ಗಂಗವ್ವ ಅದು ನಮ್ಮ ಇಜಾಪುರದ ಉಪ್ಲಿ ಬುರುಜು ಅಂತ ತಿಳಕೊಂಡಾಳ. ಬುರುಜು ಹೆಂಗ ಬಾಗತೈತ್ರಿ ಮಾಸ್ತರ ಅಂತ ಕೇಳಾಕತ್ತಿದ್ಳು."

"ಅದು ಬಿಳಿ ತೊಗಟೆಯ ಮರ."

"ಬನ್ನಿ ಗಿಡ ಅಂದ್ರ ಆಗಂಗಿಲ್ಲೇನು?"

ಆಗುವುದಿಲ್ಲ ಎಂದೆ. ನನ್ನ ಸ್ವಭಾವ ಅದು. ರೋಗಿಗೆ ಬರೆದ ಗುಳಿಗೆಯನ್ನೇ ಅಂಗಡಿಯವನು ಕೊಡಬೇಕು, ಕವಿ ಬರೆದ ಮರವನ್ನೇ ನಾನು ಕೊಡಬೇಕು. ಮಾಸ್ತರು ನನ್ನ ಮುಖ ನೋಡಿ ಇನ್ನೊಂದು ಕಪ್ ಚಹಾ ಬಸಿದರು. ಕೊನೆಗೆ 'ಬಿಳಿಯ ಮರ' ಎಂಬಲ್ಲಿಗೆ ರಾಜಿಯಾಯಿತು.

ಟಿಕೋಟಾದಿಂದ ಬಬಲೇಶ್ವರಕ್ಕೆ ಆ ಹೊತ್ತಿಗೆ ಬಸ್ಸಿರಲಿಲ್ಲ, ಟಂಟಂ ಹಿಡಿದೆವು. ಡ್ರೈವರ್ ಪೆಟ್ಟಿಗೆಗೂ ಒಂದು ಸೀಟಿನ ಬಾಡಿಗೆ ಕೇಳಿದ. "ಇದು ಹಾಡಕೋತ ಬರತೈತಿ, ನೀನ ನಮಗ ಕೊಡಬೇಕು" ಎಂದು ಮಾಸ್ತರು ಜಗಳಕ್ಕೆ ನಿಂತರು. ಅರ್ಧಕ್ಕೆ ಒಪ್ಪಿದ ಅವನು ದಾರಿಯುದ್ದಕ್ಕೂ ಹಾಡಿಸಿಕೊಂಡು ಪೂರ್ತಿ ವಸೂಲು ಮಾಡಿದ. ಒಂದು ಕಡೆ ಕುರಿ ಹಿಂಡು ಅಡ್ಡ ಬಂದಾಗ ಗಾಡಿ ನಿಂತಿತು. ಅಲ್ಲಿ ನಾನು ಮೊದಲ ಬಾರಿಗೆ ನನ್ನ ಸಾಲುಗಳನ್ನು ಮಾಸ್ತರ ಮಟ್ಟಿನಲ್ಲಿ ಕೇಳಿದೆ:

ಹಿಮವ ತುಳಿಯುತ ಬಂದು ಯಾರೋ
ಕದವ ಬಡಿದರು ಇರುಳಲಿ
ಹೆಸರ ಕೇಳದೆ ಕದವ ತೆರೆದೆನು
ಒಲೆಯ ಉರಿಯನು ಹೆಚ್ಚಿಸಿ

ಅದು ನಿಧಾನದ್ದೂ ಅಲ್ಲ, ಹಗುರವೂ ಅಲ್ಲ. ದಾರಿ ನಡೆಯುವವನು ಹೆಜ್ಜೆ ಹಾಕಿದಂತಿತ್ತು. ಕುರಿ ಕಾಯುವವನು ಕಂಬಳಿ ಹೊತ್ತು ನಿಂತು ಪೂರ್ತಿ ಕೇಳಿ, "ಚಲೋ ಐತ್ರಿ, ಆದ್ರ ಮುಂದೇನಾತು?" ಎಂದ. ಡ್ರೈವರ್ ಹಾರ್ನ್ ಹೊಡೆದದ್ದರಿಂದ ಅವನಿಗೆ ಉತ್ತರ ಸಿಗಲಿಲ್ಲ.

ಗಂಗವ್ವನ ಮನೆ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಆಕೆಯ ಗಂಡ ತೋಟದಲ್ಲಿ ದ್ರಾಕ್ಷಿ ಕೊಯ್ಯಿಸುತ್ತಿದ್ದ. ಪಡಸಾಲೆಯ ತುಂಬ ಭಜನೆಯ ಹೆಂಗಸರು, ತಾಳ, ದಮ್ಮಡಿ. ಊಟಕ್ಕೆ ಕಡಕ್ ರೊಟ್ಟಿ, ಎಣ್ಣೆಗಾಯಿ, ಕರಿಂಡಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ಡಾಕ್ಟರಾಗಿ ನಾನು ಜನರಿಗೆ ಏನೇನು ತಿನ್ನಬೇಡಿ ಎನ್ನುತ್ತೇನೋ ಅದನ್ನೆಲ್ಲ ಎರಡೆರಡು ಸಲ ಹಾಕಿಸಿಕೊಂಡೆ.

ಉಂಡ ಮೇಲೆ ಕವಿತೆಯ ಚರ್ಚೆ ನಡೆಯಿತು. ಬಂದವರು ಯಾರು? "ಜಂಗಮ" ಎಂದರು ಮಾಸ್ತರು. "ಸಾವು ಇರಬೇಕು, ಹೆಜ್ಜಿನೂ ಉಳೀಲಿಲ್ಲಲ್ಲ" ಎಂದಳು ಒಬ್ಬಳು. ಮೂಲೆಯಲ್ಲಿದ್ದ ಮುದುಕಿ, "ಸಿಟ್ಟು ಮಾಡಿ ಮನಿ ಬಿಟ್ಟು ಬಂದ ಅಳಿಯ. ಇಲ್ಲಂದ್ರ ಹಂಗ ಉಂಡು, ಹೇಳದ ಹೋಗತಿದ್ನೇನು?" ಎಂದಳು. ನಗೆ ಮಾಡಿನ ತನಕ ಹೋಯಿತು. ನನಗೆ ಖುಷಿಯೋ ಖುಷಿ. ಟೀಚರ ಎರಡು ರಾಗದಲ್ಲಿ ಇಬ್ಬರು ಅತಿಥಿಗಳು ಬಂದಿದ್ದರು, ಬಬಲೇಶ್ವರದ ಒಂದು ಪಡಸಾಲೆಗೆ ಒಂದೇ ಮಧ್ಯಾಹ್ನ ಮೂವರು ಬಂದರು.

ಆಮೇಲೆ ತಾಲೀಮು. ನಾಲ್ಕು ನುಡಿ ಚೆನ್ನಾಗಿಯೇ ಬಂದವು. ಮುಗಿದ ಮೇಲೆ ಗಂಗವ್ವ ತಾಳ ಕೆಳಗಿಟ್ಟು ನನ್ನನ್ನೇ ನೋಡುತ್ತ ಕುಳಿತಳು.

"ಇನ್ನೊಂದು ನುಡಿ ಎಲ್ಲೈತ್ರಿ ಡಾಕ್ಟರ್ ಬಾಯಾರ?"

"ಇಲ್ಲ. ಅಷ್ಟೇ."

"ಅಂಕಿತ?"

ತತ್ವಪದ ಕೇಳಿದವರಿಗೆ ಗೊತ್ತು: ಕೊನೆಯ ನುಡಿಯಲ್ಲಿ ಗುರುವಿನ ಹೆಸರು ಬರಬೇಕು. ಅದೇ ಅಂಕಿತ. ಅದು ಬಂದರೆ ಪದ ಯಾರದ್ದೆಂದು ಗೊತ್ತಾಯಿತು, ಪದ ಮುಗಿಯಿತು, ಮಂಗಳಾರತಿ ಎತ್ತಬಹುದು. ರಷ್ಯದ ಕವಿಗಳಲ್ಲಿ ಆ ಪದ್ಧತಿ ಇಲ್ಲ ಎಂದು ನಾನು ವಿವರಿಸಿದೆ.

"ಅವರ ದೇಶದಾಗ ಗುರುಗಳಿಲ್ಲೇನ್ರಿ?"

"ಇದ್ದಾರೆ. ಆದರೆ ಹೆಸರು ಪದದೊಳಗೆ ಹಾಕುವುದಿಲ್ಲ."

"ಮತ್ತ ಪದ ಮುಗೀತಂತ ಕೂತವರಿಗೆ ಹೆಂಗ ತಿಳಿಬೇಕು? ಅಂಕಿತಿಲ್ಲದ ಪದ ನಾವು ಹಾಡಿದವರಲ್ರಿ. ನಮ್ಮವ್ವ ಹಾಡಿಲ್ಲ, ಅವರವ್ವ ಹಾಡಿಲ್ಲ."

ನನಗೆ ಸಿಟ್ಟು ಬಂತು. ಬಂದಿತೆಂದರೆ ಮರೆಮಾಚುವವಳಲ್ಲ ನಾನು. ಕವಿ ನಾಲ್ಕು ಬರೆದಿದ್ದಾನೆ, ಐದು ಮಾಡಲು ನಾವ್ಯಾರು? ಲಿದಿಯಾ ಅಂತೋನೊವ್ನಾ ಒಂದು ಶಬ್ದ ಆಚೀಚೆಯಾದರೆ ಮೇಜು ಬಡಿಯುತ್ತಿದ್ದವರು. ಕಣ್ಣಿಲ್ಲದ ಆ ಜೀವ ಇಷ್ಟು ದೂರದಿಂದ ಕಿವಿಗೊಟ್ಟು ಕೂತಾಗ, ನಾವು ಮನಸ್ಸಿಗೆ ಬಂದದ್ದನ್ನು ಸೇರಿಸಿ ಹಾಡುವುದೇ? ಇಷ್ಟನ್ನೂ ಒಂದೇ ಉಸಿರಿಗೆ ಒದರಿದೆ. ಮಾಸ್ತರು ಪೆಟ್ಟಿಗೆಯ ಬೆಳ್ಳಿ ಬಣ್ಣದ ಕೊಂಡಿಯನ್ನು ಒರೆಸತೊಡಗಿದರು.

ಗಂಗವ್ವನಿಗೇನೂ ಬೇಸರವಾಗಲಿಲ್ಲ. "ಅಂತೋನೊವ್ನಾ ಅಂದ್ರೇನ್ರಿ?" ಎಂದಳು.

"ಅಂತೋನನ ಮಗಳು ಎಂದು. ಅಲ್ಲಿ ತಂದೆಯ ಹೆಸರು ಸೇರಿಸಿ ಕರೆದರೇ ಮರ್ಯಾದೆ."

"ಈ ಪದ ನಿಮಗ ಆಕಿನ ಕೊಟ್ಳೇನು?"

ಹೌದು ಎಂದೆ. ಮಾತಿಗೆ ಮಾತು ಬಂದು ಅವರನ್ನು ಮೊದಲ ಸಲ ಕಂಡ ಕತೆಯನ್ನೂ ಹೇಳಿದೆ. ನನಗಾಗ ಹತ್ತೊಂಬತ್ತು. ಹೋದ ಮೊದಲ ಚಳಿಗಾಲ, ಟ್ರಾಮಿನಿಂದ ತಪ್ಪು ನಿಲ್ದಾಣದಲ್ಲಿ ಇಳಿದು, ಹಿಮದಲ್ಲಿ ದಾರಿ ಸಿಗದೆ ಅಳುತ್ತ ಅಲೆದೆ. ಒಂದು ಮನೆಯ ಬಾಗಿಲು ಬಡಿದೆ. ತೆರೆದವರೇ ಈ ಟೀಚರು. ಇನ್ನೂ ನಮ್ಮ ತರಗತಿ ಶುರುವಾಗಿರಲಿಲ್ಲ, ಅವರು ನನಗೆ ಗೊತ್ತಿರಲಿಲ್ಲ, ನಾನು ಅವರಿಗೆ ಗೊತ್ತಿರಲಿಲ್ಲ. ಒಲೆಯ ಮುಂದೆ ಕೂರಿಸಿ ಕಾಲು ತಿಕ್ಕಿದರು, ಬಿಸಿ ಸೂಪು ಕುಡಿಸಿದರು.

ಗಂಗವ್ವ ಕೇಳಿ, "ಆತು ಬಿಡ್ರಿ, ನಾಲ್ಕ ಹಾಡೂನು" ಎಂದಳು. ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ 'ಆತು ಬಿಡ್ರಿ' ಎಂದರೆ ಒಪ್ಪಿಗೆಯಲ್ಲ, ಮಾತು ಸಾಕು ಎಂಬ ಅರ್ಥ ಎಂದು ಹೊಳೆಯಬೇಕಿತ್ತು. ನಾನು ಸ್ಪೀಕರ್ ಜೋಡಿಸುವ ಗಡಿಬಿಡಿಯಲ್ಲಿದ್ದೆ. ಆಕೆ ಮಾಸ್ತರನ್ನು ಕರೆದುಕೊಂಡು ಹಿತ್ತಿಲಿಗೆ ಹೋದದ್ದನ್ನು ನೋಡಿದರೂ ಎಲೆ ಅಡಿಕೆಗೆ ಇರಬೇಕೆಂದುಕೊಂಡೆ.

ಐದಕ್ಕೆ ಫೋನ್ ಹತ್ತಿತು. ಪರದೆಯಲ್ಲಿ ಉಣ್ಣೆಯ ಶಾಲು ಹೊದ್ದ ಸಣ್ಣ ಮುದುಕಿ. ಎಷ್ಟು ಸಣ್ಣಗಾಗಿದ್ದಾರೆ ಎನಿಸಿತು ನನಗೆ. ಗಂಗವ್ವ ಮುಂದೆ ಬಂದು, "ಶರಣ್ರಿ ಯವ್ವಾ" ಎಂದಳು. ಅವರು ದನಿ ಬಂದ ಕಡೆಗೆ ಮುಖ ತಿರುಗಿಸಿ ರಷ್ಯನ್ನಿನಲ್ಲಿ ನಮಸ್ಕಾರ ಹೇಳಿದರು. ಆಮೇಲೆ ತಾವೇ ಮೊದಲು ಮೂಲ ಕವಿತೆ ಹೇಳಿದರು, ಒಂದು ಕಡೆಯೂ ತಡವರಿಸದೆ. ಅರ್ಥವಾಗದಿದ್ದರೂ ಪಡಸಾಲೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮಾಸ್ತರು ಅವರ ದನಿಗೆ ಸುರ ಹುಡುಕಿ, ಅದೇ ಸುರದಲ್ಲಿ ಪೆಟ್ಟಿಗೆ ಒತ್ತಿದರು.

ಗಂಗವ್ವ ಹಾಡಿದಳು. ಉಳಿದವರು ಹಿಂದಿನಿಂದ ಎತ್ತಿಕೊಂಡರು. ನನ್ನ ಸಾಲುಗಳು ನನ್ನ ಕೈ ಬಿಟ್ಟು ಹೋಗುವುದನ್ನು ಕೇಳುತ್ತ ಕುಳಿತೆ. ನಾನು ಬರೆದಾಗ ಕಾಗದದ ಮೇಲೆ ಒಣಗಿದ್ದ 'ಕದ' ಎಂಬ ಮಾತು ಆಕೆಯ ಬಾಯಲ್ಲಿ ನಿಜವಾಗಿಯೂ ತೆರೆಯುತ್ತಿತ್ತು. ಟೀಚರು ಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ನಾಲ್ಕನೆಯ ನುಡಿ ಮುಗಿಯಿತು. ಗೆದ್ದೆವು ಎಂದುಕೊಂಡು ನಾನು ಫೋನಿನ ಕಡೆ ಬಾಗಿದೆ. ತಾಳ ನಿಲ್ಲಲಿಲ್ಲ. ಗಂಗವ್ವ ಕಣ್ಣು ಮುಚ್ಚಿದಳು.

ಅಂತೋನರಾಯನ ಮಗಳು ಲಿದಿಯವ್ವ
ಹೆಸರ ಕೇಳದೆ ಕದವ ತೆರೆದಾಳೊ
ಇಜಾಪುರದ ಕೂಸಿಗೆ ಒಲಿಯ ಮುಂದ
ಜಾಗ ಕೊಟ್ಟಾಳೊ ಗುರುತಾಯಿ

ಮೈ ಉರಿಯಿತು. ಮಾತು ಕೊಟ್ಟು ತಪ್ಪಿದಳಲ್ಲ ಈ ಹೆಂಗಸು! ಎದ್ದು ನಿಲ್ಲಬೇಕೆಂದವಳು 'ಇಜಾಪುರದ ಕೂಸಿಗೆ' ಎಂಬಲ್ಲಿ ಹಾಗೇ ಕುಳಿತುಬಿಟ್ಟೆ.

ಹಾಡು ನಿಂತಿತು. ಟೀಚರ ಬೆರಳೂ ನಿಂತಿತು. "ಐದನೆಯದು ಎಲ್ಲಿಂದ ಬಂತು?" ಎಂದು ಕೇಳಿದರು. ಒಂದಕ್ಷರ ಕನ್ನಡ ಬಾರದಿದ್ದರೂ ಅವರಿಗೆ ಲೆಕ್ಕ ತಪ್ಪುವುದಿಲ್ಲ. "ಅದರಲ್ಲಿ ನನ್ನ ಹೆಸರೇಕಿದೆ? ನನ್ನ ಅಪ್ಪನ ಹೆಸರೇಕಿದೆ?"

ಅಂಕಿತ ಎಂದರೇನೆಂದು ಹೇಳಿದೆ. ಆಮೇಲೆ ಗಂಗವ್ವನ ನಾಲ್ಕು ಸಾಲುಗಳನ್ನು ರಷ್ಯನ್ನಿಗೆ ತಿರುಗಿಸಿದೆ. ಇಷ್ಟು ವರ್ಷ ಅಲ್ಲಿಂದ ಇಲ್ಲಿಗೆ ತಂದವಳು, ಇಲ್ಲಿಂದ ಅಲ್ಲಿಗೆ ಒಂದು ಸಾಲನ್ನೂ ಒಯ್ದಿರಲಿಲ್ಲ. ನಾಲಿಗೆ ತೊದಲಿತು. ಅವರು ನಡುವೆ ತಡೆದು ನನ್ನ ಒಂದು ವಿಭಕ್ತಿ ತಿದ್ದಿದರು. ಮುಗಿದ ಮೇಲೆ ಮೊಮ್ಮಗಳು ಶಾಲಿನ ಅಂಚಿನಿಂದ ಅವರ ಕೆನ್ನೆ ಒರೆಸಿದಳು.

"ಒಂದು ತಪ್ಪಿದೆ" ಎಂದರು ಕೊನೆಗೆ. "ಹೆಸರು ಕೇಳಿದ್ದೆ. ಮತ್ತೆ ಮತ್ತೆ ಕೇಳಿದೆ. ನೀನು ಅಳುತ್ತಿದ್ದೆ, ಹೇಳಲಿಲ್ಲ."

ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಗಂಗವ್ವ ಗಾಬರಿಯಾಗಿ ನನ್ನ ತೋಳು ಹಿಡಿದಳು. "ಏನಂದ್ರು? ಚಲೋ ಆಗಿಲ್ಲಂತೇನು?"

"ಹೆಸರು ಕೇಳಿದ್ರಂತ. ಕೇಳದ ತೆರೆದಾಳಂತ ನೀ ಹಾಡಿದ್ದು ಖರೇ ಅಲ್ಲಂತ."

"ಅಯ್ಯ ಶಿವನ! ತಿದ್ದೂನ್ರಿ ಮತ್ತ. 'ಹೆಸರ ಕೇಳಿ' ಅಂತ ಹಾಡತೀನಿ, ಮಟ್ಟಿಗೆ ಏನೂ ಆಗಂಗಿಲ್ಲ. ನಿಮಗಂತೂ ಒಂದಕ್ಷರ ಹೆಚ್ಚು ಕಡಿಮಿ ಸೇರಂಗಿಲ್ಲ, ಹೇಳ್ರಿ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಬ್ಯಾಡ ಗಂಗವ್ವ" ಎಂದೆ. "ಹಂಗ ಇರ್ಲಿ."

ಏನೆಂದೆ ಎಂದು ಟೀಚರು ಕೇಳಿದರು. ಹೇಳಿದೆ. ಅವರು ತಲೆಯಾಡಿಸಿ, "ಹಾಗಾದರೆ ಮತ್ತೊಮ್ಮೆ ಹಾಡಲಿ. ಮೊದಲ ನಾಲ್ಕು ನನಗೆ ಗೊತ್ತು. ಐದನೆಯದು ಮಾತ್ರ" ಎಂದರು. ಗಂಗವ್ವ ಹಾಡಿದಳು. ಮೂರನೆಯ ಸಲ ಟೀಚರೂ ದನಿ ಕೂಡಿಸಿದರು, ತಮ್ಮ ಹೆಸರು ಬರುವಲ್ಲಿ ಮಾತ್ರ ನಾಚಿಕೊಂಡು ಬಾಯಿ ಮುಚ್ಚುತ್ತಿದ್ದರು.

ಹೊರಡುವಾಗ ಗಂಗವ್ವ ಕರಿಂಡಿಯ ಡಬ್ಬಿ, ರೊಟ್ಟಿಯ ಕಟ್ಟು ಎರಡನ್ನೂ ಚೀಲಕ್ಕೆ ತುರುಕಿದಳು. ಬಸ್ಸಿನವರೆಗೆ ಬಂದ ಹೆಂಗಸರು, ಆ ಅತಿಥಿ ಅಳಿಯನೋ ಜಂಗಮನೋ ಎಂದು ಇನ್ನೂ ಜಗಳಾಡುತ್ತಿದ್ದರು. ವಿಜಯಪುರಕ್ಕೆ ನೇರ ಬಸ್ಸು, ಮುಕ್ಕಾಲು ಗಂಟೆ ದಾರಿ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಮಾಸ್ತರು ಪೆಟ್ಟಿಗೆಗೆ ಕೌದಿ ಸುತ್ತುತ್ತಿದ್ದರು.

ನನ್ನ ದನಿ ಹೇಗೆಂದು ನಮ್ಮವರು ಆಗಲೇ ಹೇಳಿದ್ದಾರಲ್ಲ. ಆದರೂ ಗುನುಗದೆ ಇರಲಾಗಲಿಲ್ಲ. ಮಮದಾಪುರದಿಂದ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದ ಅಜ್ಜಿ ಪಕ್ಕದಲ್ಲಿದ್ದಳು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಯಾರ ಪದ ರಿ ಇದು?" ಎಂದಳು.

ನಾಲ್ಕು ನುಡಿ ಬರೆದ ಕವಿಯ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಲಿದಿಯವ್ವಂದು" ಎಂದೆ.

"ಎಲ್ಲಿಯಾಕಿ ರಿ?"

"ನಮ್ಮಾಕಿನ" ಎಂದು ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡಿದೆ.